ನೀಲಿಯಾದ ಬೀದಿ

ಅಯಸ್ಕಾಂತವನ್ನು ನೆಲದ ಮೇಲೆ ಆಡಿಸುತ್ತಾ ಅಕ್ಕ ಗುಂಡುಸೂಜಿಗಳನ್ನು ಹೆಕ್ಕುತ್ತಿದ್ದಳು. ಮಂಚದ ಕೆಳಗೆ, ಹೊಲಿಗೆ ಯಂತ್ರದ ಕಾಲಡಿ, ಹೊಸ್ತಿಲ ಸಂದಿಯಲ್ಲಿ.

ಬೀದಿಗೆ ಮುಖ ಮಾಡಿದ ಆ ಒಂದೇ ಕೋಣೆ ಅವಳು ಹೊಲಿಯುವ ಜಾಗ, ಮಲಗುವ ಜಾಗವೂ ಅದೇ. ಮನೆ ತಮ್ಮನದು. ಗಂಡ ತೀರಿಕೊಂಡ ಮೇಲೆ ಅವಳನ್ನು ಕರೆತಂದು ಇಟ್ಟುಕೊಂಡನೆಂದು ನೆರೆಹೊರೆಯವರೆಲ್ಲ ಅವನನ್ನು ಕೊಂಡಾಡಿದ್ದರು. ಅಸಲು ವಿಷಯ ಬೇರೆಯೇ ಇತ್ತು. ನಗರಸಭೆಯ ನಕ್ಷೆಯಲ್ಲಿ ಆ ಬೀದಿಗೆ ಹಳದಿ ಬಣ್ಣ, ಅಂದರೆ ಬರೀ ವಾಸಕ್ಕೆ. ಅಂಗಡಿಗೆಂದು ಯಾರಿಗೂ ಬಾಡಿಗೆ ಕೊಡುವಂತಿಲ್ಲ. ಮನೆಯಲ್ಲೇ ಇರುವವರು ಒಂದು ಕೋಣೆಯಲ್ಲಿ ಕೈಕಸುಬು ಮಾಡಿಕೊಂಡರೆ ಮಾತ್ರ ಅಡ್ಡಿಯಿಲ್ಲ, ಅದೂ ಬೋರ್ಡು ಹಾಕದೆ. ತಮ್ಮನಿಗಾಗಲಿ ಅವನ ಹೆಂಡತಿಗಾಗಲಿ ಸೂಜಿಗೆ ದಾರ ಪೋಣಿಸಲೂ ಬಾರದು. ಆ ಕೋಣೆಯಿಂದ ನಾಲ್ಕು ಕಾಸು ಹುಟ್ಟಬೇಕಾದರೆ ಅಕ್ಕ ಬೇಕಿತ್ತು.

ನಗರಸಭೆಯ ಇನ್‌ಸ್ಪೆಕ್ಟರು ಬಂದಾಗಲೆಲ್ಲ ತಮ್ಮನ ಹೆಂಡತಿ, "ಮೊದ್ಲು ಟೀ ಕುಡೀರಿ ಅತ್ತಿಗೆ, ಕೆಲ್ಸ ಎಲ್ಲಿಗೂ ಓಡಿಹೋಗಲ್ಲ" ಎನ್ನುತ್ತಾ ಲೋಟ ಹಿಡಿದು ಬರುತ್ತಿದ್ದಳು. ಆತ ಬೀದಿಯ ತಿರುವು ದಾಟಿದ್ದೇ ತಡ, ಅರ್ಧ ಕುಡಿದ ಲೋಟ ಒಳಗೆ ಹೋಗುತ್ತಿತ್ತು.

ಬೀದಿಯನ್ನು ನೀಲಿಗೆ, ಅಂದರೆ ವ್ಯಾಪಾರಕ್ಕೆ, ಬದಲಿಸುವ ಬಗ್ಗೆ ನಗರಸಭೆ ಜನರ ಅಭಿಪ್ರಾಯ ಕೇಳಿದಾಗ ಎದ್ದು ನಿಂತವಳು ಅಕ್ಕನೇ. ಜನ್ಮದಲ್ಲಿ ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ, "ಬದಲಾಯಿಸಿಬಿಡಿ ಸಾರ್. ಗಿರಾಕಿಗಳು ಬಾಗಿಲು ಗೊತ್ತಾಗ್ದೆ ವಾಪಸ್ ಹೋಗ್ತಾರೆ. ನಂಗೊಂದು ಬೋರ್ಡು ಹಾಕ್ಕೋಬೇಕು" ಎಂದಳು. ಸಭೆ ಚಪ್ಪಾಳೆ ತಟ್ಟಿತು. ತಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಬೀದಿ ನೀಲಿಯಾಯಿತು. ಇಂದು ಅವನು ಒಬ್ಬ ಮೊಬೈಲ್ ಅಂಗಡಿಯವನನ್ನು ಜೊತೆಗೆ ಕರೆದುಕೊಂಡು ಕೋಣೆಗೆ ಬಂದ.

"ಅಕ್ಕಾ, ಈ ತುದಿ ಸ್ವಲ್ಪ ಹಿಡ್ಕೋ."

ಬೋರ್ಡಿಗೆ ಅಳತೆ ಎಂದುಕೊಂಡು ಅವಳು ಟೇಪಿನ ತುದಿಯನ್ನು ಖುಷಿಯಿಂದ ಗೋಡೆಗೆ ಒತ್ತಿ ಹಿಡಿದಳು.

"ಮಂಚ ಯಾವಾಗ ತೆಗೀತೀರಿ?" ಅಂಗಡಿಯವನು ಕೇಳಿದ.

"ಇವತ್ತೇ" ಎಂದಳು ತಮ್ಮನ ಹೆಂಡತಿ, ಬಾಗಿಲಲ್ಲಿ ನಿಂತು.

"ಯಾಕೆ ತೆಗೀಬೇಕು? ಬೀದಿ ಈಗ ವ್ಯಾಪಾರದ್ದಾಯ್ತಲ್ಲ?" ಎಂದಳು ಅಕ್ಕ.

"ಅದಕ್ಕೇ ಅಲ್ವಾ ಅಕ್ಕಾ," ತಮ್ಮ ಮಗುವಿಗೆ ಹೇಳುವಂತೆ ಹೇಳಿದ. "ಮೊದ್ಲು ರೂಲ್ಸಿಗೆ ನೀನು ಬೇಕಿತ್ತು. ಈಗ ಯಾರಿಗೆ ಬೇಕಾದ್ರೂ ಬಾಡಿಗೆಗೆ ಕೊಡಬಹುದು."

"ಸಭೇಲಿ ಎಷ್ಟು ಚೆನ್ನಾಗಿ ಮಾತಾಡಿದ್ರಿ ಅತ್ತಿಗೆ!" ಅವನ ಹೆಂಡತಿ ನಕ್ಕಳು. "ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು."

"ನಾನೆಲ್ಲಿಗೆ ಹೋಗ್ಲಿ?"

"ಊರಲ್ಲಿ ಹಳದಿ ಬೀದಿಗಳಿಗೇನು ಬರವಾ? ನಿಮ್ಮಂಥವ್ರು ಯಾರಿಗಾದ್ರೂ ಬೇಕಾಗಿರ್ತಾರೆ, ಹುಡುಕಿ" ಎಂದಳು ತಮ್ಮನ ಹೆಂಡತಿ.

ಅಕ್ಕನ ಕೈ ಜಾರಿ ಟೇಪು ಜೋತುಬಿತ್ತು.

"ಸರಿಯಾಗಿ ಹಿಡೀರಮ್ಮ, ಅಳತೆ ತಪ್ಪುತ್ತೆ" ಎಂದ ಅಂಗಡಿಯವನು. ಅವಳು ಮತ್ತೆ ಒತ್ತಿ ಹಿಡಿದಳು.

ಆಚೆ ತುದಿಯಲ್ಲಿ ತಮ್ಮ ಬಗ್ಗಿ ಅಂಕಿ ನೋಡುತ್ತಿದ್ದ. ಅವನ ಹೆಂಡತಿ ಆಗಲೇ ಮಂಚದ ಹಾಸಿಗೆ ಸುತ್ತುತ್ತಿದ್ದಳು.

"ಅಡುಗೆಮನೆ ಹಿಂದಿನ ಸಂದೀಲಾದ್ರೂ ಮಲಗೋಕೆ ಬಿಡೋ, ತಮ್ಮಾ."

ಅವನು ಅಂಕಿಯನ್ನು ಅಂಗಡಿಯವನಿಗೆ ಕೂಗಿ ಹೇಳಿದ.