ಹನ್ನೆರಡನೇ ಕಾರಿನ ಸೀಟು

ನನ್ನ ಗಂಡನಿಗೆ ವರ್ಕ್‌ಶಾಪಿನಲ್ಲಿ ಗ್ರಾಂ ಸಾಹೇಬರು ಎಂದು ಹೆಸರು. ಕಾರಿನ ತೂಕ ಇಳಿಸುವುದೇ ಅವರಿಗೆ ಊಟ, ನಿದ್ದೆ ಎಲ್ಲ. ನಾವು ಮಾಡಿದ್ದು ಒಟ್ಟು ಹನ್ನೆರಡೇ ಕಾರು, ರೇಸ್ ಟ್ರ್ಯಾಕಿನಲ್ಲಿ ಖುಷಿಗಾಗಿ ಓಡಿಸುವಂಥವು. ಬಾಗಿಲಿಲ್ಲ, ರೇಡಿಯೊ ಇಲ್ಲ, ಪಕ್ಕದಲ್ಲಿ ಇನ್ನೊಂದು ಸೀಟೂ ಇಲ್ಲ. ಒಂದು ಬೋಲ್ಟು ಉದ್ದವಾದರೂ ಸಾಹೇಬರು ಮುಖ ಊದಿಸಿಕೊಂಡು ಕೂರುತ್ತಾರೆ.

ಸೀಟು ಮಾಡುವವಳು ನಾನು. ಕೊಳ್ಳುವವರನ್ನು ಕರೆಸಿ, ಉಬ್ಬುವ ಫೋಮ್ ತುಂಬಿದ ಚೀಲದ ಮೇಲೆ ಕೂರಿಸುತ್ತೇನೆ. ಅದು ಅವರವರ ಮೈಗೆ ತಕ್ಕಂತೆ ಗಟ್ಟಿಯಾಗುತ್ತದೆ, ಅದೇ ಅಚ್ಚು. ಒಬ್ಬರ ಸೀಟು ಇನ್ನೊಬ್ಬರಿಗೆ ಆಗುವುದಿಲ್ಲ. ಹನ್ನೊಂದು ಮಂದಿ ದೊಡ್ಡ ಮನುಷ್ಯರ ಹಿಂಭಾಗದ ಗುಟ್ಟು ನನ್ನ ಹೊಟ್ಟೆಯಲ್ಲಿದೆ, ಯಾರಿಗೂ ಹೇಳುವುದಿಲ್ಲ.

ಟ್ರ್ಯಾಕಿನಲ್ಲಿ ಓಡಿಸುವ ತರಬೇತಿಯನ್ನು ಗಂಡ ಹೆಂಡತಿ ಒಟ್ಟಿಗೇ ಮುಗಿಸಿದ್ದೆವು. ಆದರೂ ನಮ್ಮ ಕಾರನ್ನು ಒಮ್ಮೆ ಓಡಿಸುತ್ತೇನೆ ಎಂದು ನಾನು ಕೇಳಿದಾಗಲೆಲ್ಲ, ಮುಂದಿನದು ಬರಲಿ ಎನ್ನುತ್ತಿದ್ದರು. ಒಂದೊಂದು ಕಾರು ಲಾರಿ ಹತ್ತುವಾಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಯದು ನಮಗೇ ಎಂದಾಯಿತು. ಅದನ್ನೂ ಮೊದಲು ತಾವು ಓಡಿಸುತ್ತಾರಂತೆ, ನನಗೆ ಆಮೇಲಂತೆ. ಅವರ ಆಮೇಲೆ ಎಂಥದ್ದೆಂದು ನನಗೆ ಗೊತ್ತಿಲ್ಲವೇ? ಅಚ್ಚಿಗೆ ಬನ್ನಿ ಎಂದು ಎಷ್ಟು ಕರೆದರೂ ಬರಲಿಲ್ಲ. ನಿನಗೆ ಗೊತ್ತಿರುವ ಅಳತೆಗೇ ಮಾಡು ಎಂದು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ತೂರಿಕೊಂಡರು. ಸರಿ, ಹಾಗೇ ಮಾಡಿದೆ.

ಟ್ರ್ಯಾಕಿಗೆ ಹೋದ ಬೆಳಿಗ್ಗೆ, ಹೆಲ್ಮೆಟ್ ತೊಟ್ಟು ಗತ್ತಿನಿಂದ ಕಾರಿನೊಳಗೆ ಕಾಲಿಟ್ಟರು. ಸೊಂಟ ಇಳಿಯಲಿಲ್ಲ. ಉಸಿರು ಬಿಗಿಹಿಡಿದರು, ಓರೆಯಾದರು, ಜೇಬಿನಲ್ಲಿದ್ದ ಕೀಲಿಗೊಂಚಲು ತೆಗೆದಿಟ್ಟರು. ಆಮೇಲೆ ಹಿಂದಿನ ರಾತ್ರಿಯ ಊಟದ ಮೇಲೆ ತಪ್ಪು ಹೊರಿಸಿದರು. ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಭಯ.

“ಇದು ಯಾರ ಅಳತೆ?” ಎಂದರು ಕೊನೆಗೆ.

“ನಂದು,” ಎಂದೆ.

ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಹೊಲಿಗೆಯ ಮೇಲೆ ಕೈಯಾಡಿಸಿ, ಸೀಟಿನ ತೂಕ ಎಷ್ಟು ಎಂದು ಕೇಳಿದರು. ನಿಮ್ಮ ಅಳತೆಯದಕ್ಕಿಂತ ಹಗುರ ಎಂದೆ. ಮುಖ ಅರಳಿತು. ನಿನ್ನ ಹೆಲ್ಮೆಟ್ ಎಲ್ಲಿ ಎಂದರು. ಅದು ಬೆಳಿಗ್ಗೆಯಿಂದ ನನ್ನ ಚೀಲದಲ್ಲೇ ಇತ್ತು.

“ಒಂದೇ ಸುತ್ತು. ಎರಡನೇ ತಿರುವಲ್ಲಿ ಬ್ರೇಕ್ ಸ್ವಲ್ಪ ಬೇಗ ಹಾಕು.”

ಸೀಟು ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡಿತು. ತಿರುವಿನಲ್ಲಿ ಕಾರು ನಾನು ಅಂದುಕೊಂಡ ಕಡೆಗೇ ಹಗುರವಾಗಿ ತಿರುಗಿತು. ಇವರ ಗ್ರಾಂ ಹುಚ್ಚು ಯಾತಕ್ಕೆಂದು ಆಗ ಅರ್ಥವಾಯಿತು, ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಸುತ್ತು ಮುಗಿಯುವಾಗ ಅವರು ಗೋಡೆಯ ಪಕ್ಕ ನಿಂತು, ಸಾಕು ಬಾ ಎಂದು ಕೈ ಬೀಸುತ್ತಿದ್ದರು. ನಾನೂ ಕೈ ಬೀಸಿ ಇನ್ನೊಂದು ಸುತ್ತಿಗೆ ಹೊರಟೆ.