ಹುರುಳಿ ಮೇಯಲು ಹೋದ ಬಳೆ

—ತಣ್ಣಗಿದೆ, ಮಾಗಿಯ ಚಳಿಯೆಲ್ಲ ಈ ಬಳೆಯೊಳಗೇ ಬಂದು ಕೂತಿದೆಯೋ ಏನೋ, ಅಂಗೈ ಜುಮ್ಮೆನ್ನುತ್ತದೆ, ಬಳೆ ಅನ್ನುವವಳು ನಾನೊಬ್ಬಳೇ, ಕಾರಿನ ಯಜಮಾನರು ಮಲ್ಲಿಕಾರ್ಜುನಯ್ಯನವರು ರಿಂಗು ಅನ್ನುತ್ತಾರೆ, ಇವರೂ ಮಾತು ಇದ್ದಾಗ ರಿಂಗು ಎಂದೇ ಅನ್ನುತ್ತಿದ್ದರು, ಹೆಡ್‌ಲೈಟಿನ ಗಾಜಿನ ಸುತ್ತ ಕೂರುವ ಹೊಳಪಿನ ರಿಂಗು, ಬಳೆಗಾರನ ಮಗಳಿಗೆ ದುಂಡಗಿರೋದೆಲ್ಲ ಬಳೆ ಕಣೇ, ನಾಳೆ ಟೈರಿಗೂ ಬಳೆ ಅಂತೀಯ ನೀನು, ಎಂದು ನಗುತ್ತಿದ್ದ ಬಾಯಿ ಈಗ ಎಡಕ್ಕೆ ಎಳೆದುಕೊಂಡು ಹಾಗೇ ನಿಂತಿದೆ, ಇವರ ರಿಪೇರಿ ಷೆಡ್ಡಿನ ಬಾಗಿಲಲ್ಲಿ ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿ ಕೂರಿಸಿದ್ದೇನೆ, ಬಲಗೈ ನಾನು ಎಲ್ಲಿಟ್ಟೆನೋ ಅಲ್ಲೇ ತೊಡೆಯ ಮೇಲೆ ಬಿದ್ದಿದೆ, ಎಡಗೈಯೇನೂ ಸತ್ತಿಲ್ಲ, ಆದರೂ ಅದು ತಾನಾಗಿ ಏನನ್ನೂ ಹಿಡಿದಿಲ್ಲ, ಏನನ್ನೂ ಬೇಡ ಅಂದಿಲ್ಲ, ಕಣ್ಣು ತೆರೆದಿದೆ, ನೋಡುತ್ತಿರುವುದು ಕಾರನ್ನೋ ಕಾರಿನ ಮೇಲೆ ಕೂತ ಕಾಗೆಯನ್ನೋ ಗೊತ್ತಿಲ್ಲ, ಯುಗಾದಿಗೆ ಮುಂಚೆ ಲಕ್ವ ಹೊಡೆದದ್ದು, ಈಗ ಸಂಕ್ರಾಂತಿ ಬಂತು, ಒಂದು ಮಾತಿಲ್ಲ, ಒಂದು ಸನ್ನೆ ಇಲ್ಲ, ಒಳಗೆ ಏನು ಉಳಿದಿದೆಯೋ ನಾವೂ ಹೇಳಕ್ಕಾಗಲ್ಲಮ್ಮ, ಹಳೇದನ್ನೆಲ್ಲ ನೆನಪು ಮಾಡಿಸ್ತಾ ಇರಿ, ಅಂದರು ಡಾಕ್ಟರು, ಮಾಡಿಸಿದೆ, ಮದುವೆಯ ಫೋಟೋ ತೋರಿಸಿದೆ, ಕೆಂಕೆರೆಯಿಂದ ಇವರ ಅಕ್ಕ ನಿಂಗಮ್ಮನನ್ನು ಕರೆಸಿ ಎದುರಿಗೆ ಕೂರಿಸಿದೆ, ಗೋಡೆ ನೋಡಿದ ಹಾಗೆ ನೋಡಿದರು, ಅವತ್ತಿನಿಂದ ಮಗಳು ಕಲ್ಲಮ್ಮ ಇವರ ಎದುರಿಗೇ ಇವರು ಇಲ್ಲದ ಹಾಗೆ ಮಾತಾಡುತ್ತಾಳೆ, ಅವ್ವ, ಅಪ್ಪಂಗೆ ನಾವ್ಯಾರು ಅಂತ್ಲೂ ಗೊತ್ತಾಗಲ್ಲ, ಗ್ವಾಡೆ ಕೂಡೆ ಮಾತಾಡ್ದಂಗೆ ಯಾಕ್ ಮಾತಾಡ್ತಾ ಕುಂತ್ಕತೀಯ — ಬೈಯಬೇಕು ಅನ್ನಿಸುತ್ತದೆ, ಬೈಯಲಾಗುವುದಿಲ್ಲ, ಕೊಬ್ಬರಿ ಗೋಡೌನಿನಲ್ಲಿ ದುಡಿದು ಬಂದು ಅಪ್ಪನ ಬಟ್ಟೆ ಒಗೆಯುವವಳು ಅವಳೇ, ಹೊದಿಕೆ ಸರಿಮಾಡುವಾಗ ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸಿ ಬೆಚ್ಚಿಬೀಳುತ್ತೇನೆ, ಇದ್ದಾರೋ, ಇದ್ದಾರೆ ಎಂದು ನಾನು ಅಂದುಕೊಂಡಿದ್ದೇನೋ. ತೋರಿಸಲು ಉಳಿದಿರುವುದು ಈ ಕಾರು ಒಂದೇ, ನಾಳೆ ಇದೂ ಇರುವುದಿಲ್ಲ, ಮೈಸೂರಿನೋರಿಗೆ ಕೊಟ್ಬುಟ್ಟೆ ಪುಟ್ಟಗಂಗಮ್ಮ, ಬಲ್ಬು ಎರಡೂ ಹೋಗವೆ, ಹಾಕ್ಕೊಟ್ಬುಡು, ಆ ರಿಂಗು ಬಿಚ್ಚೋದು ನಿಮ್ಮೆಜಮಾನ್ರು ಬಿಟ್ರೆ ನಿಂಗೇ ಗೊತ್ತಿರೋದು, ಎಂದು ಮಲ್ಲಿಕಾರ್ಜುನಯ್ಯನವರು ಕಾರು ನಿಲ್ಲಿಸಿ ಎದುರಿನ ಹೋಟೆಲಿಗೆ ಕಾಫಿಗೆ ಹೋದರು, ಹೋಗುವಾಗ ಇವರ ಕಡೆ ನೋಡಿ, ಏನ್ ಕರಿಯಪ್ಪ, ಎಂದರು, ಉತ್ತರಕ್ಕೆ ನಿಲ್ಲಲಿಲ್ಲ, ಯಾರೂ ನಿಲ್ಲುವುದಿಲ್ಲ ಈಗ.

ಬಿಚ್ಚುವುದು ಕಷ್ಟವಲ್ಲ, ಬಿಚ್ಚಿದ ಗುರುತು ಉಳಿಯದ ಹಾಗೆ ಬಿಚ್ಚುವುದು ಕಷ್ಟ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹೊಳಪಿನ ಮೇಲೆ ನಾಯಿ ಕಚ್ಚಿದ ಹಾಗೆ ಗೀರು ಬೀಳುತ್ತದೆ, ಅದಕ್ಕೇ ಇವರು ತೆಂಗಿನ ಕರಟದ ಚೂರನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೆಳ್ಳನೆಯ ನಾಲಿಗೆ ಮಾಡಿಕೊಂಡಿದ್ದರು, ಗೂಡಿನಲ್ಲೇ ಇತ್ತು, ಹೆಬ್ಬೆರಳು ಕೂತ ಕಡೆ ಸವೆದು ಗುಳಿಯಾಗಿದೆ, ನನ್ನ ಹೆಬ್ಬೆರಳು ಆ ಗುಳಿಗೆ ಸಾಲುವುದಿಲ್ಲ, ಬಳೆಯ ಅಡಿಗೆ ತೂರಿಸಿ ಮೆಲ್ಲಗೆ ತಿರುವಿದರೆ ಉಸಿರು ಬಿಟ್ಟ ಹಾಗೆ ಸಡಿಲವಾಗುತ್ತದೆ, ಹಾಕುವಾಗ ಮೊದಲು ಮೇಲಿನ ಅಂಚು ಕೊಕ್ಕೆಗೆ, ಆಮೇಲೆ ಕೆಳಗೆ ಅಂಗೈಯಿಂದ ಒಂದು ಒತ್ತು, ಒಳಗಿನ ಕ್ಲಿಪ್ಪು ಟಕ್ ಅನ್ನಬೇಕು, ಅನ್ನದಿದ್ದರೆ ಕೂತಿಲ್ಲ ಅಂತಲೇ ಅರ್ಥ — ನನ್ನಪ್ಪ ತುರುವೇಕೆರೆ ಸುತ್ತ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ತಿರುಗುತ್ತಿದ್ದ, ಸಂಪಿಗೆ ಊರಿನ ಯಾರದೋ ಜಗುಲಿ, ಸಾಲಾಗಿ ಚಾಚಿದ ಕೈಗಳು, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ, ಬಳೆ ಮ್ಯಾಲೆ ಜೋರು ಮಾಡ್ಬ್ಯಾಡ ಮಗ, ಅನ್ನುತ್ತಿದ್ದ ಅಪ್ಪ, ಕೈನ ಸಣ್ಣ ಮಾಡ್ಕ, ತಾನಾಗೇ ಹೋಯ್ತದೆ — ಮದುವೆಯಾದ ಹೊಸತರಲ್ಲಿ ಬುತ್ತಿ ತಂದು ಇದೇ ಬಾಗಿಲಲ್ಲಿ ನಿಂತಿದ್ದೆ, ಇವರು ಈ ಬಳೆಯನ್ನು ಕೂರಿಸುತ್ತಿದ್ದರು, ಅದೇ ಒತ್ತು, ಅದೇ ಉಸಿರು ಬಿಗಿಹಿಡಿಯುವುದು, ಗುದ್ದಿ ಕೂರಿಸುವ ಗಂಡಸಲ್ಲ ಎಂದು ಅವತ್ತೇ ಗೊತ್ತಾಯಿತು, ಊರು ಬಿಟ್ಟು ಬಂದ ಭಯ ಅಲ್ಲಿಗೇ ಅರ್ಧ ಇಳಿಯಿತು, ಅದನ್ನು ಇವರಿಗೆ ಯಾವತ್ತೂ ಹೇಳಲಿಲ್ಲ, ಹೇಳುವಂಥ ಮಾತೇ ಅದು?

ಎಪ್ಪತ್ತೊಂದನೇ ಇಸವಿಯೋ ಎಪ್ಪತ್ತೆರಡೋ, ಹೀಗೇ ಮಾಗಿ, ಕಲ್ಲಮ್ಮ ಕಂಕುಳ ಕೂಸು, ಆಗ ಈ ಕಾರು ಎಷ್ಟು ಕೆಂಪಗಿತ್ತು, ಮೂತಿಯ ಮೇಲೆ ಎಂಟು ಮೂಲೆಯ ಬಿಲ್ಲೆ, ಎರಡೇ ಸೀಟು, ಮೇಲೆ ಸೂರಿಲ್ಲ, ನೆಲಕ್ಕೆ ಅಂಟಿಕೊಂಡು ಕಣ್ಣು ಉಬ್ಬಿಸಿ ಕೂತದ್ದನ್ನು ನೋಡಿ ಊರೆಲ್ಲ ಕಪ್ಪೆ ಕಾರು ಅನ್ನುತ್ತಿತ್ತು, ಒಂದು ಕಡೆಯ ಕ್ಲಿಪ್ಪು ಸವೆದು ಬಳೆ ಲೊಡಲೊಡ ಅನ್ನುತ್ತಿತ್ತು, ಹೊಸ ಕ್ಲಿಪ್ಪು ಎಲ್ಲಿಂದ ತರುವುದು, ಬೆಳಗಿನ ಚಳಿಗೆ ಡಬ್ಬಿಯ ಕೊಬ್ಬರಿ ಎಣ್ಣೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು, ಇವರು ಅದನ್ನೇ ಬೆರಳಲ್ಲಿ ಬಾಚಿ ಬಳೆಯ ಒಳಸುತ್ತಿಗೆಲ್ಲ ಮೆತ್ತಿ ಒತ್ತಿದರು, ಬಳೆ ಅಲುಗಲಿಲ್ಲ, ನೋಡ್ದಾ, ಎಣ್ಣೆ ಸೀಮೆಲಿ ಹುಟ್ಟಿ ಅಂಟಿಗ್ಯಾಕೆ ಪ್ಯಾಟೆಗೆ ಹೋಗನ, ಬಾ ಕುಂತ್ಕ, ಟ್ರಯಲ್ ನೋಡ್ಕಂಡು ಬರಾನ — ಅಯ್ಯೋ ನೋಡಿದೋರು ಏನಂದಾರು — ಹೆಂಡ್ತಿ ಅಂತಾರೆ, ಇನ್ನೇನಂತಾರೆ — ಕೂತೆ, ಕೂಸು ಮಡಿಲಲ್ಲಿ, ಸೆರಗು ಹಲ್ಲಲ್ಲಿ, ಹುಳಿಯಾರು ರಸ್ತೆ, ಕೈ ಚಾಚಿದರೆ ರಸ್ತೆ ಮುಟ್ಟುವಷ್ಟು ತಗ್ಗು, ತೋಟದ ನೆರಳು, ಬಿಸಿಲು, ನೆರಳು, ಬಿಸಿಲು, ಮುಖದ ಮೇಲೆ ಯಾರೋ ಬೀಸಣಿಗೆ ಬೀಸಿದ ಹಾಗೆ, ಹೊತ್ತು ಏರುತ್ತಿತ್ತು, ಎಣ್ಣೆ ಕರಗುತ್ತದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ, ದಿನವೂ ತಲೆಗೆ ಹಚ್ಚುವವರಿಗೆ ಹೊಳೆಯಲಿಲ್ಲ, ಮೋರಿಯ ಹತ್ತಿರ ಒಂದು ಹಳ್ಳ, ಕಾರು ಎಗರಿತು, ಬಳೆ ಕಳಚಿ ಮುಂದಕ್ಕೆ ಹಾರಿ ರಸ್ತೆಗೆ ಬಿದ್ದು ಎದ್ದು ನಿಂತಿತು, ಇವರು ಬ್ರೇಕ್ ಒತ್ತಿದರು, ಕಾರು ನಿಂತಿತು, ಬಳೆ ನಿಲ್ಲಲಿಲ್ಲ, ಬಿಸಿಲನ್ನೆಲ್ಲ ಒಳಗೆ ತುಂಬಿಕೊಂಡು, ಬೀಳದೆ, ರಸ್ತೆಯ ನಟ್ಟನಡುವೆ ಉರುಳುತ್ತಾ ಹೋಯಿತು, ಇವರು ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡುತ್ತಿದ್ದಾರೆ, ಮುಂದೆ ಚಿಕ್ಕಗೌರಮ್ಮಜ್ಜಿ ಬಸ್ಸು ಲಾರಿ ತುಳಿಯಲಿ ಎಂದು ರಸ್ತೆಯ ತುಂಬ ಹುರುಳಿ ಹರಡಿದ್ದಳು, ಬಳೆ ಅದರೊಳಗೆ ನುಗ್ಗಿ, ತಿರುಗಿ ತಿರುಗಿ, ಸುಸ್ತಾದ ಕರುವಿನ ಹಾಗೆ ಮಲಗಿತು, ಏನ್ಲಾ ಕರಿಯಪ್ಪ, ನಿನ್ ಕಾರಿನ ಕಣ್ಣು ನಮ್ ಹುರುಳಿ ಮೇಯಕ್ ಬಂತಾ — ಅದುಕ್ಕೂ ಹಸಿವಾಗಿತ್ತು ಕಣಜ್ಜಿ, ಬೆಳಗ್ಗೆಯಿಂದ ಬರೀ ಎಣ್ಣೆ ಕುಡ್ದದೆ — ನಾನು ನಕ್ಕು ನಕ್ಕು ಸೆರಗು ಬಾಯಿಂದ ಜಾರಿತು, ಕೂಸೂ ಕೇಕೆ ಹಾಕಿತು, ಅವಳೂ ಇದ್ದಳಲ್ಲ ಅವತ್ತು, ಅವಳಿಗೆ ನೆನಪಿಲ್ಲ, ನೆನಪಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಅನ್ನಲಾಗುತ್ತದೆಯೇ. ಆಮೇಲೆ ಮನೆಯಲ್ಲಿ ಏನು ಕಾಣದಿದ್ದರೂ ಅದೇ ಮಾತು, ಬೀಗದ ಕೈ ಎಲ್ಲಿ, ಹುರುಳಿ ಮೇಯಕ್ ಹೋಯ್ತು, ಚಪ್ಪಲಿ ಎಲ್ಲಿ, ಹುರುಳಿ ಮೇಯಕ್ ಹೋಯ್ತು, ನಾನು ತವರಿಗೆ ಹೋಗಿ ಬಂದರೂ, ಬಂದ್ಯಾ, ಮೇದಿದ್ದಾಯ್ತಾ.

ಬಲಗಡೆಯ ಬಲ್ಬು ಆಯಿತು, ಮೇಲಿನ ಅಂಚು ಕೊಕ್ಕೆಗೆ, ಅಂಗೈ ಕೆಳಗೆ, ಉಸಿರು ಬಿಗಿ, ಟಕ್, ಎಷ್ಟು ಚೆನ್ನಾಗಿ ಕೂತಿತು, ತಿರುಗಿ ನೋಡಿದೆ, ಆ ಸದ್ದಿಗೆ ನಿದ್ದೆಯಲ್ಲೂ ತಲೆ ಆಡಿಸುತ್ತಿದ್ದ ಮನುಷ್ಯ, ಕಣ್ಣು ಕಾಗೆಯ ಮೇಲೇ ಇತ್ತು, ಕಾಗೆ ಹಾರಿತು, ಕಣ್ಣು ಖಾಲಿ ಜಾಗದಲ್ಲೇ ಉಳಿಯಿತು, ಆಯ್ತಾ ಅವ್ವ, ಅಪ್ಪನ ಕೈ ಉಜ್ಜಬೇಕು, ಬಿಸಿಲು ಹೋಗ್ತದೆ, ಎಂದು ಕಲ್ಲಮ್ಮ ಎಣ್ಣೆ ಡಬ್ಬಿ ತಂದಿಟ್ಟಳು, ಒಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿದೆ — ಎಡಗಡೆಯ ಬಳೆ ಇನ್ನೂ ನನ್ನ ಕೈಯಲ್ಲೇ ಇದೆ, ತಣ್ಣಗೆ, ಇದು ಹೋದರೆ ಇನ್ನು ತೋರಿಸಲು ಏನೂ ಇಲ್ಲ, ಈ ಕ್ಲಿಪ್ಪು ಸರಿಯಾಗಿಯೇ ಇದೆ, ಎಣ್ಣೆ ಬೇಕಿಲ್ಲ, ನನಗೆ ಗೊತ್ತು, ಆದರೂ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ, ಡಬ್ಬಿಗೆ ಬೆರಳು ಹಾಕಿ ಬಾಚಿದೆ, ಇವರ ಕಣ್ಣಿನ ನೇರಕ್ಕೆ ಬಳೆ ಹಿಡಿದು ಒಳಸುತ್ತಿಗೆಲ್ಲ ಮೆತ್ತಿದೆ, ನಿಧಾನವಾಗಿ, ಅವತ್ತು ಇವರು ಮೆತ್ತಿದ ಹಾಗೇ, ಏನ್ ಮಾಡ್ತಿದೀಯವ್ವ, ನಿಂಗೇನ್ ತಲೆ ಕೆಟ್ಟೋಯ್ತಾ, ಬಿಸಿಲಿಗೆ ಕರಗೋಗಲ್ವಾ ಅದು, ಎಂದಳು ಕಲ್ಲಮ್ಮ, ಸುಮ್ಕಿರೇ, ಎಂದೆ, ಎಣ್ಣೆ ಸೀಮೆಲಿ ಹುಟ್ಟಿ ಅಂಟಿಗ್ಯಾಕೆ ಪ್ಯಾಟೆಗೆ ಹೋಗನ, ಎಂದು ಇವರಿಗೆ ಹೇಳಿದೆ, ಇವರ ಮುಖ ಹಾಗೇ ಇದೆ, ಹಾಗೇ ಇದೆ, ಎಣ್ಣೆ ನನ್ನ ಬೆರಳ ಬಿಸಿಗೆ ಕರಗಿ ಮೊಣಕೈಗೆ ಇಳಿಯುತ್ತಿದೆ, ಸಾಕು ಏಳು ಪುಟ್ಟಗಂಗಿ ಎಂದು ನನಗೆ ನಾನೇ ಹೇಳಿಕೊಂಡೆ — ಆಗ ಎಡಗೈಯ ತೋರುಬೆರಳು ತೊಡೆಯ ಮೇಲೆ ಒಂದು ಸುತ್ತು ಸುತ್ತಿತು, ಚಳಿಗೆ ನಡುಗಿತೋ, ಇಲ್ಲ, ಇನ್ನೊಂದು ಸುತ್ತು, ಸುತ್ತುತ್ತಾ ಸುತ್ತುತ್ತಾ ಮಂಡಿಯವರೆಗೆ ಹೋಯಿತು, ಮಂಡಿ ದಾಟಿತು, ಗಾಳಿಯಲ್ಲಿ ನಡುಗುತ್ತಾ ಹುಳಿಯಾರು ರಸ್ತೆಯ ಕಡೆ ಚಾಚಿ ನಿಂತಿತು, ಅವ್ವ, ಎಂದಳು ಕಲ್ಲಮ್ಮ, ದನಿ ಬೇರೆಯೇ ಆಗಿತ್ತು, ಅಪ್ಪ ಏನೋ ತೋರಿಸ್ತಾವ್ನೆ, ಏನವ್ವ, ಎಲ್ಲಿ, ರಸ್ತೆಲಿ ಏನೂ ಇಲ್ವಲ್ಲ — ಇದೆ ಕಣೇ, ನೀನೂ ನೋಡಿದ್ದೀಯ, ನನ್ನ ಮಡಿಲಲ್ಲಿ ಕೂತು ನೋಡಿದ್ದೀಯ, ಅಗೋ, ಕಾರು ನಿಂತಿದೆ, ಅದು ನಿಂತಿಲ್ಲ, ಬಿಸಿಲು ತುಂಬಿಕೊಂಡು, ಬೀಳದೆ, ಉರುಳುತ್ತಾ, ನಟ್ಟನಡುವೆ ಉರುಳುತ್ತಾ, ಬಳೆ