ಹಿಪ್ಪುನೇರಳೆಗೆ ಯಾವ ಔಷಧಿ?

ಅಟ್ಟೂರಿನ ಮುನಿಯಲ್ಲಮ್ಮನ ಹಿತ್ತಲಲ್ಲಿ ಒಂದು ಹಿಪ್ಪುನೇರಳೆ ಗಿಡ. ಕಾಯಿ ಕೆಂಪಾಗಿ ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಚಿಗುರೆಲ್ಲ ಬೀಡಿಯ ಹಾಗೆ ಸುತ್ತಿಕೊಂಡಿತು. ಬಿಚ್ಚಿ ನೋಡಿದರೆ ಒಳಗೆ ಹಸಿರು ಹುಳ.

ಕೇಳಿದವರೆಲ್ಲ ಒಂದೊಂದು ಹೇಳಿದರು. ಎದುರುಮನೆಯವರು ಬೂದಿ ಎರಚು ಅಂದರು. ಸೊಸೆ ರಾಧಾಮಣಿ ಮೊಬೈಲ್ ನೋಡಿ ಇನ್ನೇನೋ ಓದಿದಳು. ತರಕಾರಿ ಬೆಳೆಯುವ ತಮ್ಮ ಮುನಿರಾಜು ಜ್ಯೂಸ್ ಬಾಟಲಿಯಲ್ಲಿ ಒಂದಿಷ್ಟು ಔಷಧಿ ತಂದುಕೊಟ್ಟ.

"ಎರಡು ಮುಚ್ಚಳ ಹಾಕಕ್ಕಾ. ಇಲ್ಲಾಂದ್ರೆ ಮೂರು ಹಾಕು, ಏನಾಗಲ್ಲ."

ಎಷ್ಟು ನೀರಿಗೆ? ಅದನ್ನು ಹೇಳಲೇ ಇಲ್ಲ. ಮುನಿಯಲ್ಲಮ್ಮನಿಗೆ ದಿಕ್ಕೇ ತೋಚಲಿಲ್ಲ. ಬಾಟಲಿಯನ್ನು ಅಡುಗೆಮನೆ ಕಟ್ಟೆ ಮೇಲಿಟ್ಟು ಬಕೆಟ್ ಹುಡುಕಲು ಹೋದಳು. ವಾಪಸ್ ಬರುವಷ್ಟರಲ್ಲಿ, ಬಿಸಿಲಿಂದ ಬಂದ ಗಂಡ ಮುನಿವೆಂಕಟಯ್ಯ ಜ್ಯೂಸ್ ಅಂದುಕೊಂಡು ಬಾಟಲಿಯ ಮುಚ್ಚಳ ತೆಗೆದು ಬಾಯಿ ಹತ್ತಿರ ತಂದಿದ್ದ.

"ಅಯ್ಯೋ, ಕುಡೀಬೇಡಿ!"

ಕಿತ್ತುಕೊಂಡ ರಭಸಕ್ಕೆ ಔಷಧಿ ಅವನ ಕೈ ಮೇಲೆ ಚೆಲ್ಲಿತು. ಕೂಗು ಕೇಳಿ ಪಕ್ಕದ ಮನೆಯ ನೂರೀನ್ ಓಡಿ ಬಂದಳು. ಕೃಷಿ ಓದುತ್ತಿರುವ ಹುಡುಗಿ ಅವಳು.

"ತಾತ, ಮೊದಲು ಸೋಪು ಹಾಕಿ ಕೈ ತೊಳ್ಕೊಳ್ಳಿ. ಬಾಯಿಗೆ ಹೋಗಿಲ್ವಲ್ಲ?"

"ಇಲ್ಲಮ್ಮ, ವಾಸನೆಗೇ ನಿಂತೆ."

"ಸದ್ಯ! ಹೋಗಿದ್ರೆ ತಕ್ಷಣ ಆಸ್ಪತ್ರೆಗೆ ಓಡ್ಬೇಕಿತ್ತು. ಯಾವ ಔಷಧಿ ಅಂತ ಡಾಕ್ಟ್ರು ಕೇಳಿದ್ರೆ ಏನು ಹೇಳ್ತಿದ್ರಿ?"

ಬಾಟಲಿ ಮೇಲೆ ಜ್ಯೂಸಿನ ಹೆಸರಷ್ಟೇ ಇತ್ತು. ಮುನಿಯಲ್ಲಮ್ಮ ಅದರ ಮುಚ್ಚಳ ಬಿಗಿದು ಎತ್ತಿಟ್ಟಳು.

"ನಂಗೊಂದೂ ತಿಳೀತಿಲ್ಲ ಕಣಮ್ಮ. ಹುಳ ಸಾಯ್ಬೇಕು, ನಾವು ಸಾಯ್ಬಾರ್ದು."

"ಒಂದು ಗಿಡಕ್ಕೆ ಇಷ್ಟೆಲ್ಲ ಯಾಕಜ್ಜಿ? ಸುತ್ತಿದ ಎಲೆ ಕತ್ತರಿಸಿ ಸೋಪಿನ ನೀರಿಗೆ ಹಾಕಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಸಂಜೆ ಹೊತ್ತು ಹೊಡೀರಿ. ವಾರಕ್ಕೊಂದ್ಸಲ. ಹಣ್ಣು ತೊಳೆದೇ ತಿನ್ನಿ."

"ಬೇವಿಗೆಲ್ಲ ಸಾಯ್ತವಾ?"

"ಒಂದೇ ದಿನಕ್ಕೆ ಸಾಯಲ್ಲ, ಎಲೆ ತಿನ್ನೋದು ಬಿಡ್ತವೆ. ಅದಕ್ಕೂ ಬಗ್ಗದಿದ್ರೆ ತೋಟಗಾರಿಕೆ ಇಲಾಖೆಯವರನ್ನ ಕೇಳಿ. ಅವರು ಹೇಳಿದ ಔಷಧಿಯನ್ನ ಅದರ ಡಬ್ಬಿಯಲ್ಲೇ ತನ್ನಿ. ಎಷ್ಟು ಬೆರೆಸ್ಬೇಕು, ಎಷ್ಟು ದಿನ ಹಣ್ಣು ಕೀಳ್ಬಾರ್ದು, ಎಲ್ಲಾ ಡಬ್ಬಿ ಮೇಲೇ ಇರುತ್ತೆ. ಹೊಡೆಯುವಾಗ ಕೈಗವಸು, ಮುಖಕ್ಕೆ ಬಟ್ಟೆ ಮರೀಬೇಡಿ."

ಅತ್ತೆ ಸೊಸೆ ಸೇರಿ ಅವತ್ತೇ ಅರ್ಧ ಬಕೆಟ್ ಎಲೆ ಕತ್ತರಿಸಿದರು, ಸಂಜೆ ಬೇವಿನೆಣ್ಣೆ ನೀರು ಹೊಡೆದರು. ಮುನಿಯಲ್ಲಮ್ಮನಿಗೆ ಆದರೂ ನಂಬಿಕೆ ಬರಲಿಲ್ಲ, ದಿನಾ ಹೋಗಿ ಎಲೆ ಮಗುಚಿ ನೋಡಿದಳು. ಎರಡನೇ ವಾರ ಹೊಸ ಚಿಗುರು ಸುತ್ತಿಕೊಳ್ಳದೆ ಅಗಲವಾಗಿ ಬಿಚ್ಚಿತು. ಆಗ ತಮ್ಮನಿಗೆ ಫೋನ್ ಮಾಡಿದಳು: "ಮುನಿರಾಜು, ಬಂದು ನಿನ್ನ ಔಷಧಿ ತಗೊಂಡೋಗು. ಇನ್ಮೇಲೆ ಹಿಂಗೆ ಯಾರಿಗೂ ಕೊಡ್ಬೇಡ."

ಅಕ್ಕಂದಿರೇ, ಅಣ್ಣಂದಿರೇ, ಯಾವ ಹುಳ, ಯಾವ ಔಷಧಿ, ಎಷ್ಟು ನೀರು ಅಂತ ಗೊತ್ತಿಲ್ಲದಿದ್ದರೆ ಕೈ ತಡೆಯಿರಿ. ತಿಳಿದವರನ್ನು ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಹುಳ ಇನ್ನೆರಡು ದಿನ ಎಲೆ ತಿಂದರೂ ಗಿಡ ಮತ್ತೆ ಚಿಗುರುತ್ತೆ. ಮನುಷ್ಯ ಚಿಗುರಲ್ಲ.